ಒರೆಸಿದ ಮೂರೇ ವಾರಕ್ಕೆ ಮತ್ತೆ ಬೂಷ್ಟು: ಏನು ತಪ್ಪಾಗುತ್ತಿದೆ?

ಪ್ರಶ್ನೆ: ಬಚ್ಚಲುಮನೆಯ ಟೈಲ್ಸ್ ಸಂದುಗಳಲ್ಲೂ ಮಲಗುವ ಕೋಣೆಯಲ್ಲಿ ಬೀರುವಿನ ಹಿಂದಿನ ಗೋಡೆಯಲ್ಲೂ ಕಪ್ಪು ಬೂಷ್ಟು ಹಿಡಿದಿದೆ. ಬ್ಲೀಚ್ ಸಿಂಪಡಿಸಿ ಒರೆಸಿದರೆ ಪೂರ್ತಿ ಹೋದಂತೆ ಕಾಣುತ್ತದೆ. ಮೂರು ವಾರ ಕಳೆಯುವಷ್ಟರಲ್ಲಿ ಅದೇ ಜಾಗದಲ್ಲಿ ಮತ್ತೆ ಬರುತ್ತದೆ. ಇನ್ನೂ ಗಟ್ಟಿಯಾದ ಬ್ಲೀಚ್ ಬಳಸಬೇಕೆ? ವಿನೆಗರ್ ಒಳ್ಳೆಯದೆ? ಬೂಷ್ಟು ನಿರೋಧಕ ಪೇಂಟ್ ಹೊಡೆಸಿದರೆ ನಿಲ್ಲುತ್ತದೆಯೆ? ಇದು ಯಾವ ಜಾತಿಯ ಬೂಷ್ಟು ಎಂದು ಪರೀಕ್ಷೆ ಮಾಡಿಸಬೇಕೆ? ಮನೆಯಲ್ಲಿ ಒಬ್ಬರಿಗೆ ಅಸ್ತಮಾ ಇದೆ.

ಉತ್ತರ: ಗಟ್ಟಿ ಬ್ಲೀಚ್ ಬೇಡ. ಈಗ ಹಾಕುತ್ತಿರುವುದೇ ಹೆಚ್ಚಾಗಿರಬಹುದು. ಬೂಷ್ಟು ಹೋದಂತೆ "ಕಾಣುತ್ತದೆ" ಎಂದು ಬರೆದಿದ್ದೀರಿ. ಅರ್ಧ ಉತ್ತರ ಆ ಮಾತಿನಲ್ಲೇ ಇದೆ. ಬೂಷ್ಟಿನ ಕಪ್ಪು ಬಣ್ಣ ಬರುವುದು ಅದರ ಕೋಶಗಳ ಗೋಡೆಯಲ್ಲಿರುವ ವರ್ಣದ್ರವ್ಯವಾದ ಮೆಲನಿನ್‌ನಿಂದ. ಬ್ಲೀಚ್‌ನಲ್ಲಿರುವ ಸೋಡಿಯಂ ಹೈಪೋಕ್ಲೋರೈಟ್ ಆ ಬಣ್ಣವನ್ನು ಕೆಲವೇ ನಿಮಿಷಗಳಲ್ಲಿ ಅಳಿಸಿಬಿಡುತ್ತದೆ. ಬಣ್ಣ ಕಳೆದುಕೊಂಡ ಬೂಷ್ಟಿನ ಎಳೆಗಳು ಮಾತ್ರ ಟೈಲ್ಸ್ ಸಂದಿಗೆ ತುಂಬಿದ ಗ್ರೌಟ್‌ನ ಸಣ್ಣ ರಂಧ್ರಗಳಲ್ಲಿ ಹಾಗೇ ಕೂತಿರುತ್ತವೆ. ಅದೂ ಅಲ್ಲದೆ ಹೈಪೋಕ್ಲೋರೈಟ್‌ಗೆ ಮೊದಲು ಸಿಕ್ಕಿದ್ದರ ಜೊತೆಗೇ ಪ್ರತಿಕ್ರಿಯಿಸುವ ಗುಣ. ಸೋಪಿನ ಜಿಡ್ಡು, ಮೈಕೊಳೆ, ಪೇಂಟಿನ ಮೇಲ್ಪದರ, ಬೂಷ್ಟಿನ ಮೇಲಿನ ಹೊದಿಕೆ ಇವುಗಳ ಮೇಲೇ ಅದರ ಶಕ್ತಿ ಖರ್ಚಾಗುತ್ತದೆ. ಸಂದಿನ ಒಳಕ್ಕೆ ಇಳಿಯುವ ಹೊತ್ತಿಗೆ ಉಳಿಯುವುದು ಬಹುಪಾಲು ಬರೀ ನೀರು, ಬೂಷ್ಟಿಗೆ ಬೇಕಾದದ್ದೂ ಅದೇ.

ಇನ್ನರ್ಧ ಉತ್ತರ ಇರುವುದು "ಅದೇ ಜಾಗದಲ್ಲಿ" ಎಂಬ ಮಾತಿನಲ್ಲಿ. ಬೂಷ್ಟಿನ ಬೀಜಕಣಗಳು ಎಲ್ಲ ಮನೆಗಳ ಗಾಳಿಯಲ್ಲೂ ಇರುತ್ತವೆ, ಅವನ್ನು ಪೂರ್ತಿ ಇಲ್ಲವಾಗಿಸಲು ಯಾರಿಂದಲೂ ಆಗದು. ಅವು ಎಲ್ಲ ಗೋಡೆಗಳ ಮೇಲೂ ಬಂದು ಕೂರುತ್ತವೆ, ಬೆಳೆಯುವುದು ಪಸೆ ಇದ್ದಲ್ಲಿ ಮಾತ್ರ. ಪದೇ ಪದೇ ಒಂದೇ ಜಾಗದಲ್ಲಿ ಬರುತ್ತಿದೆ ಎಂದರೆ ಅಲ್ಲಿಗೆ ಎಲ್ಲಿಂದಲೋ ನೀರು ಬರುತ್ತಲೇ ಇದೆ ಎಂದು ಅರ್ಥ. ಆ ನೀರನ್ನು ನಿಲ್ಲಿಸದೆ ಎಷ್ಟು ಉಜ್ಜಿದರೂ ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತೆ.

ಮನೆಯಲ್ಲಿ ಅಸ್ತಮಾ ಇರುವುದರಿಂದ ಇನ್ನೊಂದು ವಿಷಯವನ್ನು ಮೊದಲೇ ಹೇಳಬೇಕು. ಸತ್ತ ಬೂಷ್ಟು ಕೂಡ ಅಲರ್ಜಿ ಉಂಟುಮಾಡುತ್ತದೆ. ಅಲರ್ಜಿ ತರುವ ಪ್ರೋಟೀನುಗಳು ಬೀಜಕಣ ಸತ್ತ ಮಾತ್ರಕ್ಕೆ ಮಾಯವಾಗುವುದಿಲ್ಲ. ಹಾಗಾಗಿ ರಾಸಾಯನಿಕ ಸಿಂಪಡಿಸಿ ಕೊಂದು ಬಿಟ್ಟರೆ ಕೆಲಸ ಮುಗಿಯಲಿಲ್ಲ, ಅದನ್ನು ಉಜ್ಜಿ, ಒರೆಸಿ, ಮನೆಯಿಂದ ಹೊರಗೆ ಹಾಕಬೇಕು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಮಾರ್ಗಸೂಚಿಯೂ ಗಟ್ಟಿ ಮೇಲ್ಮೈಗಳಿಗೆ ಹೇಳುವುದು ಇಷ್ಟೇ: ಡಿಟರ್ಜೆಂಟ್ ಮತ್ತು ನೀರಿನಿಂದ ಉಜ್ಜಿ, ಪೂರ್ತಿ ಒಣಗಿಸಿ. ಮಾಮೂಲಿ ಕೆಲಸಕ್ಕೆ ಬ್ಲೀಚ್‌ನಂಥ ಜೀವಿನಾಶಕಗಳನ್ನು ಅದು ಶಿಫಾರಸು ಮಾಡುವುದಿಲ್ಲ. ಇದನ್ನು ಓದಿದವರಿಗೆ ನಂಬಿಕೆ ಬರುವುದು ಕಷ್ಟ, ಏಕೆಂದರೆ ಪಾತ್ರೆ ತೊಳೆಯುವ ದ್ರಾವಣದಲ್ಲಿ "ಔಷಧಿ"ಯ ವಾಸನೆ ಇರುವುದಿಲ್ಲ. ಆದರೂ ಕೆಲಸ ಮಾಡುವುದು ಅದೇ.

ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಬೂಷ್ಟು ಹರಡಿರುವ ಆಕಾರವೇ ಬಹುಮಟ್ಟಿಗೆ ಹೇಳಿಬಿಡುತ್ತದೆ. ನೆಲದ ಅಂಚಿನಿಂದ ಮೇಲಕ್ಕೆ ಏರಿ, ಸುಮಾರು ಒಂದು ಮೀಟರ್ ಒಳಗೆ ಅಲೆಯಂಥ ಗೆರೆಯಲ್ಲಿ ನಿಂತು, ಆ ಗೆರೆಯ ಹತ್ತಿರ ಬಿಳಿ ಉಪ್ಪು ಕಟ್ಟಿದ್ದರೆ ಅದು ಅಡಿಪಾಯದಿಂದ ಗೋಡೆ ಹೀರಿಕೊಂಡ ನೀರು. ಒಂದೇ ಕಡೆ ಮಚ್ಚೆಯಾಗಿ, ಸುತ್ತ ಕಂದು ಬಣ್ಣದ ಉಂಗುರ ಮೂಡಿ, ಮಳೆ ಬಂದಾಗ ಅಥವಾ ಮೇಲಿನ ಮನೆಯವರು ನೀರು ಬಳಸಿದಾಗ ಗಾಢವಾದರೆ ಅದು ಸೋರಿಕೆ. ಮೂಲೆಗಳಲ್ಲಿ, ಕಿಟಕಿಯ ಸುತ್ತ, ಹೊರಗೋಡೆಗೆ ಒತ್ತಿಟ್ಟ ಬೀರುವಿನ ಹಿಂದೆ ಚುಕ್ಕಿ ಚುಕ್ಕಿಯಾಗಿ ಹರಡಿ, ಸ್ಪಷ್ಟವಾದ ಅಂಚೇ ಇಲ್ಲದಿದ್ದರೆ ಅದು ಕೋಣೆಯ ಗಾಳಿಯಲ್ಲಿರುವ ತೇವ ತಂಪು ಗೋಡೆಗೆ ತಾಗಿ ಕೂತದ್ದು. ನಿಮ್ಮ ಮಲಗುವ ಕೋಣೆಯದ್ದು ಬಹುಶಃ ಈ ಮೂರನೆಯದು.

ಈ ಮೂರನೆಯದರಲ್ಲಿ ಜನ ಮೋಸ ಹೋಗುವುದು ಹೆಚ್ಚು, ಏಕೆಂದರೆ ಗೋಡೆಯ ಮೇಲೆ ನೀರಿನ ಹನಿ ಕಾಣುವುದೇ ಇಲ್ಲ. ಕೋಣೆಯ ಗಾಳಿ 25 ಡಿಗ್ರಿ ಸೆಲ್ಸಿಯಸ್, ಆರ್ದ್ರತೆ ಶೇ. 60 ಎಂದು ಇಟ್ಟುಕೊಳ್ಳಿ. ಅಂಥ ಗಾಳಿ ಹನಿಯಾಗಿ ಇಳಿಯಬೇಕಾದರೆ ಗೋಡೆ 17 ಡಿಗ್ರಿಯ ಆಸುಪಾಸಿಗೆ ತಣ್ಣಗಾಗಬೇಕು. ಆದರೆ ಗೋಡೆ 20 ಡಿಗ್ರಿ ಇದ್ದರೂ ಸಾಕು, ಅದಕ್ಕೆ ಅಂಟಿಕೊಂಡ ತೆಳು ಗಾಳಿಪದರದಲ್ಲಿ ಆರ್ದ್ರತೆ ಶೇ. 80 ದಾಟುತ್ತದೆ. ಹಲವು ಜಾತಿಯ ಬೂಷ್ಟುಗಳಿಗೆ ಅಷ್ಟೇ ಬೇಕಾದದ್ದು. ಬೀರುವನ್ನು ಗೋಡೆಗೆ ಅಂಟಿಸಿ ಇಟ್ಟಾಗ ಕೋಣೆಯ ಬಿಸುಪು ಆ ಭಾಗಕ್ಕೆ ತಲುಪುವುದಿಲ್ಲ, ಗಾಳಿಯೂ ಆಡುವುದಿಲ್ಲ. ಕೋಣೆಯ ಬೇರೆ ಗೋಡೆಗಳು ಚೆನ್ನಾಗಿದ್ದು ಅಲ್ಲಿ ಮಾತ್ರ ಕಪ್ಪಾಗುವುದು ಇದೇ ಕಾರಣಕ್ಕೆ.

ಅನುಮಾನವಿದ್ದರೆ ಒಂದು ಸುಲಭದ ಪರೀಕ್ಷೆ ಇದೆ. ಬೂಷ್ಟಿನ ಪಕ್ಕದ ಸ್ವಚ್ಛ ಜಾಗವನ್ನು ಒಣಗಿಸಿ, 30 ಸೆಂಟಿಮೀಟರ್ ಚೌಕದ ಅಲ್ಯೂಮಿನಿಯಂ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗಾಳಿಯಾಡದಂತೆ ಅಂಟಿಸಿ. ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಮೇಲೆ, ಅಂದರೆ ಕೋಣೆಯ ಕಡೆಗೆ, ಪಸೆ ಕೂತಿದ್ದರೆ ತೇವ ಗಾಳಿಯದು. ಹಾಳೆಯನ್ನು ಕಿತ್ತಾಗ ಹಿಂಬದಿ ಒದ್ದೆಯಾಗಿದ್ದರೆ ತೇವ ಗೋಡೆಯ ಒಳಗಿನಿಂದ ಬರುತ್ತಿದೆ. ಎರಡನೆಯದಾದರೆ ಕೊಳವೆ, ತಾರಸಿ, ಹೊರಗೋಡೆಯ ಬಿರುಕು, ಬಚ್ಚಲಿನ ನೀರು ತಡೆ ಪದರ ಇವನ್ನು ಮೊದಲು ರಿಪೇರಿ ಮಾಡಿಸಿ. ಅದಾಗುವ ಮುನ್ನ ಒಳಗಿನಿಂದ ಮಾಡುವ ಕ್ಲೀನಿಂಗ್ ತಾತ್ಕಾಲಿಕ.

ಜೊತೆಗೆ, ಕಂಡದ್ದೆಲ್ಲ ಬೂಷ್ಟಲ್ಲ. ಗಾರೆ, ಇಟ್ಟಿಗೆ, ಕಾಂಕ್ರೀಟ್ ಮೇಲೆ ಹತ್ತಿಯಂತೆ ಬಿಳಿಯಾಗಿ ಏಳುವುದು ಹಲವು ಸಲ ಲವಣ. ಬೆರಳಲ್ಲಿ ತಿಕ್ಕಿದರೆ ಹರಳು ಹರಳಾಗಿ ಪುಡಿಯಾಗುತ್ತದೆ, ಒಂದು ಹನಿ ನೀರು ಬಿಟ್ಟರೆ ಸಾಮಾನ್ಯವಾಗಿ ಕರಗುತ್ತದೆ. ಬೂಷ್ಟು ನೀರಿನಲ್ಲಿ ಕರಗದೆ ಮೆತ್ತಗೆ ಹಿಸುಕಿದಂತಾಗುತ್ತದೆ. ಲವಣವನ್ನು ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆಯಬಹುದು, ಆದರೆ ಅದು ಇದ್ದಲ್ಲಿ ಗೋಡೆಯೊಳಗೆ ನೀರು ಓಡಾಡುತ್ತಿದೆ ಎಂಬುದು ಖಚಿತ. ಬಚ್ಚಲಿನ ಜಾಲರಿ, ಶವರ್ ಪರದೆ, ಕಮೋಡಿನ ನೀರಿನ ಗೆರೆಯಲ್ಲಿ ಬರುವ ಗುಲಾಬಿ ಬಣ್ಣದ ಲೋಳೆ ಬಹುತೇಕ ಬ್ಯಾಕ್ಟೀರಿಯಾದ್ದು. ಅದು ಸೋಪು ನೀರಿಗೆ ಸುಲಭವಾಗಿ ಹೋಗುತ್ತದೆ, ವಾರಕ್ಕೊಮ್ಮೆ ಉಜ್ಜಿದರೆ ಸಾಕು.

ಈಗ ನೀವೇ ಮಾಡಬಹುದೆ ಎಂಬ ಪ್ರಶ್ನೆ. ಬೂಷ್ಟು ಹರಡಿರುವ ಜಾಗ ಒಟ್ಟು 10 ಚದರ ಅಡಿಯೊಳಗೆ, ಹೆಚ್ಚುಕಡಿಮೆ ಮೂರು ಅಡಿಗೆ ಮೂರು ಅಡಿ ಇದ್ದರೆ ಮನೆಯವರೇ ಮಾಡಿಕೊಳ್ಳಬಹುದು. ಅದನ್ನು ಮೀರಿದ್ದರೆ, ಚರಂಡಿ ನೀರು ನುಗ್ಗಿದ ನಂತರ ಬಂದಿದ್ದರೆ, ಅಥವಾ ಎಸಿಯ ಕೊಳವೆಗಳ ಒಳಗೆ ಕಂಡರೆ ಅನುಭವವಿದ್ದವರನ್ನು ಕರೆಸಿ. ಎಸಿಯೊಳಗೆ ಬೂಷ್ಟಿದೆ ಎಂಬ ಅನುಮಾನ ಬಂದ ಕ್ಷಣವೇ ಅದನ್ನು ಬಂದ್ ಮಾಡಿ, ಇಲ್ಲದಿದ್ದರೆ ಅದು ಬೀಜಕಣಗಳನ್ನು ಇಡೀ ಮನೆಗೆ ಹಂಚುತ್ತದೆ. ಅಸ್ತಮಾ ಇರುವವರು ಈ ಕೆಲಸಕ್ಕೆ ಕೈ ಹಾಕಬಾರದು. ಕ್ಲೀನಿಂಗ್ ನಡೆಯುವಾಗ ಮಾತ್ರವಲ್ಲ, ಮುಗಿದ ಮೇಲೂ ಕೆಲವು ಗಂಟೆ ಅವರು ಮನೆಯಿಂದ ಹೊರಗಿರುವುದು ಒಳ್ಳೆಯದು. ಚಿಕ್ಕ ಮಕ್ಕಳಿಗೂ, ಕೀಮೋಥೆರಪಿ ಅಥವಾ ಅಂಗಾಂಗ ಕಸಿಯಿಂದ ರೋಗನಿರೋಧಕ ಶಕ್ತಿ ಕುಗ್ಗಿದವರಿಗೂ ಇದೇ ಮಾತು.

ಮಾಡುವವರು ಎನ್-95 ಮಾಸ್ಕ್ ಹಾಕಬೇಕು. ಬಟ್ಟೆಯ ಮಾಸ್ಕ್, ಸರ್ಜಿಕಲ್ ಮಾಸ್ಕ್ ಇಲ್ಲಿ ಪ್ರಯೋಜನಕ್ಕೆ ಬಾರವು, ಗಾಳಿ ಪಕ್ಕದ ಸಂದಿನಿಂದಲೇ ಒಳಗೆ ಬರುತ್ತದೆ. ಎನ್-95 ಕೂಡ ಮುಖಕ್ಕೆ ಒತ್ತಿ ಕೂತರೆ ಮಾತ್ರ ಮಾಸ್ಕ್. ಮೂಗಿನ ಮೇಲಿನ ತಂತಿಯನ್ನು ಎರಡೂ ಬೆರಳಿನಿಂದ ಒತ್ತಿ, ಜೋರಾಗಿ ಉಸಿರು ಬಿಟ್ಟು ನೋಡಿ. ಕಣ್ಣಿನ ಕಡೆಗೆ ಗಾಳಿ ಬಂದರೆ ಸರಿಯಾಗಿ ಕೂತಿಲ್ಲ. ಗಡ್ಡವಿದ್ದರೆ ಅದು ಕೂರುವುದೇ ಇಲ್ಲ. ರಂಧ್ರವಿಲ್ಲದ ಕನ್ನಡಕ, ಮುಂಗೈಯ ಅರ್ಧದವರೆಗೆ ಬರುವ ರಬ್ಬರ್ ಗ್ಲೌಸ್, ತುಂಬುತೋಳಿನ ಹಳೆ ಬಟ್ಟೆ ಇರಲಿ. ಮುಗಿದ ಕೂಡಲೇ ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.

ಕೋಣೆಯಲ್ಲಿ ಫ್ಯಾನ್, ಎಸಿ ಎರಡನ್ನೂ ನಿಲ್ಲಿಸಿ. ಇದನ್ನು ಮರೆಯುವವರೇ ಜಾಸ್ತಿ. ಸೆಖೆಯೆಂದು ಸೀಲಿಂಗ್ ಫ್ಯಾನ್ ಹಾಕಿಕೊಂಡು ಗೋಡೆ ಉಜ್ಜಿದರೆ ಎದ್ದ ಬೀಜಕಣ ಹಾಸಿಗೆ, ಪರದೆ, ಬಟ್ಟೆಗಳ ಮೇಲೆ ಕೂರುತ್ತದೆ. ಹಾಸಿಗೆ ಬಟ್ಟೆಗಳನ್ನು ಹೊರಗಿಟ್ಟು, ಕದಲಿಸಲಾಗದ್ದಕ್ಕೆ ಪ್ಲಾಸ್ಟಿಕ್ ಹೊದಿಸಿ. ಬಾಗಿಲು ಮುಚ್ಚಿ ಕೆಳಗಿನ ಸಂದಿಗೆ ಒದ್ದೆ ಟವೆಲ್ ಒತ್ತಿ, ಕಿಟಕಿ ತೆರೆದಿಡಿ. ಕಿಟಕಿಯಲ್ಲಿ ಗಾಳಿಯನ್ನು ಹೊರಕ್ಕೆ ತಳ್ಳುವಂತೆ ಟೇಬಲ್ ಫ್ಯಾನ್ ಇಡಬಹುದು, ಆದರೆ ಅದರ ಗಾಳಿ ಬೂಷ್ಟಿನ ಮೇಲೆ ಬೀಸಬಾರದು.

ಬಚ್ಚಲಿನಿಂದ ಶುರುಮಾಡೋಣ. ಒಣಗಿದ ಬೂಷ್ಟನ್ನು ಯಾವ ಕಾರಣಕ್ಕೂ ಒಣ ಬ್ರಷ್‌ನಲ್ಲಿ ಉಜ್ಜಬೇಡಿ. ಬೂಷ್ಟಿನ ಜಾತಿಗಳಾದ ಪೆನಿಸಿಲಿಯಂ, ಆಸ್ಪರ್ಜಿಲಸ್‌ನಂಥವುಗಳ ಬೀಜಕಣಗಳ ಮೇಲೆ ನೀರು ಅಂಟದ ಪ್ರೋಟೀನಿನ ಹೊದಿಕೆ ಇರುತ್ತದೆ, ತಾವರೆ ಎಲೆಯ ಮೇಲೆ ನೀರು ಜಾರುವ ಹಾಗೆ. ಅವು ಸಿಕ್ಕಾಪಟ್ಟೆ ಹಗುರ, ಗಾತ್ರದಲ್ಲಿ ಹೆಚ್ಚಿನವು ಮಿಲಿಮೀಟರಿನ ಸಾವಿರದ ಕೆಲವೇ ಭಾಗ, ಸ್ವಲ್ಪ ಅಲುಗಾಡಿದರೂ ಗಾಳಿಗೆ ಏಳುತ್ತವೆ. ಬರೀ ನೀರು ಚಿಮುಕಿಸಿದರೆ ನೀರು ಜಾರಿ ಬೀಜಕಣ ಒಣಗಿಯೇ ಉಳಿಯುತ್ತದೆ. ಡಿಟರ್ಜೆಂಟ್ ಬೇಕಾಗುವುದು ಇಲ್ಲೇ: ಅದು ನೀರಿನ ಮೇಲ್ಮೈ ಒತ್ತಡ ಇಳಿಸಿ ಆ ಹೊದಿಕೆ ಒದ್ದೆಯಾಗುವಂತೆ ಮಾಡುತ್ತದೆ. ಒಂದು ಲೀಟರ್ ನೀರಿಗೆ ಒಂದು ಟೀ ಚಮಚ, ಅಂದರೆ 5 ಮಿಲಿಲೀಟರ್, ಪಾತ್ರೆ ತೊಳೆಯುವ ದ್ರಾವಣ ಹಾಕಿ ಸ್ಪ್ರೇ ಬಾಟಲಿಗೆ ತುಂಬಿ. ಬಾಟಲಿಯ ಮೂತಿ ತಿರುಗಿಸಿ ಮಂಜಿನಂತೆ ಬರುವಂತೆ ಮಾಡಿಕೊಳ್ಳಿ. ಧಾರೆಯಾಗಿ ಹೊಡೆದರೆ ಬೀಜಕಣ ಚದುರುತ್ತದೆ. ಒಂದು ಅಡಿ ದೂರದಿಂದ ಮೃದುವಾಗಿ ಸಿಂಪಡಿಸಿ ಐದು ನಿಮಿಷ ಬಿಡಿ. ಬೂದು ಬಣ್ಣದ ಮೇಲ್ಪದರ ಕುಸಿದು ಗಾಢ ಕಪ್ಪಾಗಿ, ಗೋಡೆಗೆ ಅಂಟಿದ ಒದ್ದೆ ಮಸಿಯಂತೆ ಕಾಣುವಾಗ ಒರೆಸಲು ಸರಿಯಾದ ಹೊತ್ತು.

ಮೊದಲು ಬ್ರಷ್ ಬೇಡ, ಬಟ್ಟೆ. ಬಟ್ಟೆಯನ್ನು ಎರಡು ಸಲ ಮಡಚಿದರೆ ಒರೆಸಲು ಎಂಟು ಮುಖ ಸಿಗುತ್ತವೆ. ಅಂಚಿನಿಂದ ಒಳಕ್ಕೆ ಒಂದು ಸಲ ಎಳೆದು, ಮುಖ ಬದಲಿಸಿ ಮತ್ತೆ ಎಳೆಯಿರಿ. ಎಂಟೂ ಮುಖ ಕೊಳೆಯಾದ ಮೇಲೆ ಬಟ್ಟೆ ನೇರವಾಗಿ ಪ್ಲಾಸ್ಟಿಕ್ ಚೀಲಕ್ಕೆ ಹೋಗಲಿ. ಅದೇ ಬಟ್ಟೆಯನ್ನು ಬಕೆಟ್‌ನಲ್ಲಿ ಅದ್ದಿ ಅದ್ದಿ ಒರೆಸುವುದೆಂದರೆ ಬೂಷ್ಟನ್ನು ಇಡೀ ಗೋಡೆಗೆ ಬಳಿಯುವುದೇ ಸರಿ. ಮೇಲಿನ ಪದರ ಹೋದ ಮೇಲೆ ಉಗುರುಬೆಚ್ಚಗಿನ ಸಾಬೂನು ನೀರು, ನೈಲಾನ್ ಬ್ರಷ್ ತೆಗೆದುಕೊಳ್ಳಿ. ಟೈಲ್, ಗಾಜು, ಸ್ಟೀಲ್, ಪ್ಲಾಸ್ಟಿಕ್ ಮೇಲೆ ಇಷ್ಟೇ ಕೆಲಸ, ಎರಡು ನಿಮಿಷದಲ್ಲಿ ಮುಗಿಯುತ್ತದೆ. ಕೊನೆಗೆ ಶುದ್ಧ ನೀರಿನಲ್ಲಿ ಎರಡು ಸಲ ತೊಳೆಯಿರಿ. ತೊಳೆಯದೆ ಬಿಟ್ಟರೆ ಸಾಬೂನಿನ ಜಿಡ್ಡು ಉಳಿದು ಕೊಳೆ ಹಿಡಿಯುತ್ತದೆ, ಮುಂದಿನ ಬೂಷ್ಟಿಗೆ ಊಟ ಅದೇ. ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬಟ್ಟೆ ಬಿಳಿಯಾಗಿಯೇ ಬಂದರೆ ಆ ಜಾಗ ಸ್ವಚ್ಛವಾಗಿದೆ.

ಕಷ್ಟ ಕೊಡುವುದು ಟೈಲಿಗಿಂತ ಸಂದು. ಸಿಮೆಂಟ್ ಗ್ರೌಟ್ ನೋಡಲು ಗಟ್ಟಿಯಾದರೂ ಒಳಗೆ ಸ್ಪಂಜಿನಂತೆ ನೀರು ಹಿಡಿಯುತ್ತದೆ. ಸಾಬೂನಿನಲ್ಲಿ ಉಜ್ಜಿದ ಮೇಲೂ ಕಲೆ ಉಳಿದರೆ ಸೋಡಿಯಂ ಪರ್ಕಾರ್ಬೊನೇಟ್ ಬಳಸಿ. ಬಟ್ಟೆಯ ಕಲೆ ತೆಗೆಯಲು ಆಕ್ಸಿಜನ್ ಬ್ಲೀಚ್ ಎಂದು ಮಾರುವ ಪುಡಿಗಳಲ್ಲಿ ಇರುವುದು ಇದೇ. ಒಂದು ಲೀಟರ್ ಬಿಸಿ ನೀರಿಗೆ ಒಂದು ದೊಡ್ಡ ಚಮಚ ಪುಡಿ ಕಲಸಿ, ಸಂದುಗಳ ಮೇಲೆ ಹಚ್ಚಿ, 15ರಿಂದ 30 ನಿಮಿಷ ಒಣಗದಂತೆ ನೋಡಿಕೊಂಡು ಉಜ್ಜಿ. ನೊರೆ ಏಳುತ್ತದೆ, ಆ ಗುಳ್ಳೆಗಳು ಸಂದಿನೊಳಗಿನ ಕೊಳೆಯನ್ನು ಸಡಿಲಿಸುತ್ತವೆ. ಕಲಸಿದ ದ್ರಾವಣವನ್ನು ಮುಚ್ಚಳ ಹಾಕಿ ಬಾಟಲಿಯಲ್ಲಿ ಎತ್ತಿಡಬೇಡಿ. ಅದು ಆಮ್ಲಜನಕ ಬಿಡುತ್ತಲೇ ಇರುವುದರಿಂದ ಬಾಟಲಿ ಒಡೆಯಬಹುದು. ಇದರ ಬದಲಿಗೆ ಶೇ. 3ರ ಹೈಡ್ರೋಜನ್ ಪೆರಾಕ್ಸೈಡನ್ನು ಹಾಗೇ ಸಿಂಪಡಿಸಿ ಹತ್ತು ನಿಮಿಷ ಬಿಟ್ಟೂ ಉಜ್ಜಬಹುದು, ಬಣ್ಣದ ಗ್ರೌಟ್ ಆದರೆ ಮೂಲೆಯಲ್ಲಿ ಒಮ್ಮೆ ಪರೀಕ್ಷಿಸಿ. ತಂತಿ ಬ್ರಷ್ ಮಾತ್ರ ಬೇಡ. ಅದು ಗ್ರೌಟಿನ ಮೇಲ್ಪದರ ಕೆರೆದು ಇನ್ನಷ್ಟು ರಂಧ್ರ ತೆರೆಯುತ್ತದೆ, ಮುಂದಿನ ಸಲ ಬೂಷ್ಟು ಇನ್ನೂ ಒಳಗೆ ಇಳಿಯುತ್ತದೆ. ಬೆರಳಿನಿಂದ ಒತ್ತಿದರೆ ಉದುರುವಷ್ಟು ಹಾಳಾದ ಗ್ರೌಟನ್ನು ಉಜ್ಜುತ್ತ ಕೂರುವುದಕ್ಕಿಂತ ಕಿತ್ತು ಹೊಸದು ತುಂಬಿಸುವುದೇ ಸರಿ.

ವಿನೆಗರ್ ಬಗ್ಗೆ ಕೇಳಿದ್ದೀರಿ. ಅದರಲ್ಲಿ ಸಾಮಾನ್ಯವಾಗಿ ಶೇ. 4ರಿಂದ 5 ಅಸಿಟಿಕ್ ಆಮ್ಲ ಇರುತ್ತದೆ. ಗಾಜು, ಪ್ಲಾಸ್ಟಿಕ್, ಗಡಸು ನೀರಿನ ಬಿಳಿ ಕಲೆ ಕಟ್ಟಿದ ನಲ್ಲಿಗೆ ಅಡ್ಡಿಯಿಲ್ಲ. ಆದರೆ ಸಿಮೆಂಟ್ ಗ್ರೌಟ್, ಅಮೃತಶಿಲೆ, ಸುಣ್ಣದ ಕಲ್ಲನ್ನು ಆಮ್ಲ ತಿನ್ನುತ್ತದೆ. ಕೆಲವು ಸಲ ಬಳಸಿದ ಮೇಲೆ ಅಮೃತಶಿಲೆಯ ಹೊಳಪು ಹೋಗಿ ಮಂಕಾಗುತ್ತದೆ, ಗ್ರೌಟ್ ಮರಳು ಮರಳಾಗುತ್ತದೆ. ಎಲ್ಲ ಬೂಷ್ಟಿನ ಮೇಲೂ ಅದು ಒಂದೇ ರೀತಿ ಕೆಲಸ ಮಾಡುವುದಿಲ್ಲ. ನಿಮ್ಮ ಟೈಲ್ಸ್ ಸಂದುಗಳಿಗೆ ಅದು ಬೇಡ.

ಹಾಗಾದರೆ ಬ್ಲೀಚ್‌ಗೆ ಜಾಗವೇ ಇಲ್ಲವೆ? ಇದೆ. ಚರಂಡಿ ನೀರು ನುಗ್ಗಿದ ಜಾಗವನ್ನು ತೊಳೆದ ಮೇಲೆ, ಅಥವಾ ಮನೆಯಲ್ಲಿ ರೋಗನಿರೋಧಕ ಶಕ್ತಿ ತೀರಾ ಕಡಿಮೆ ಇರುವವರಿದ್ದು ವೈದ್ಯರು ಸೋಂಕು ನಿವಾರಣೆಗೆ ಹೇಳಿದ್ದರೆ, ನೀರು ಹೀರದ ಗಟ್ಟಿ ಮೇಲ್ಮೈ ಮೇಲೆ ಬಳಸಬಹುದು. ಅದೂ ಉಜ್ಜಿ ತೊಳೆದ ನಂತರ. ಮನೆಬಳಕೆಯ ಶೇ. 5ರ ಆಸುಪಾಸಿನ ಬ್ಲೀಚ್ ಆದರೆ ಲೀಟರ್ ತಣ್ಣೀರಿಗೆ 60 ಮಿಲಿಲೀಟರ್ ದಾಟಬಾರದು. ಬಿಸಿ ನೀರಿನಲ್ಲಿ ಅದು ಬೇಗ ಒಡೆಯುತ್ತದೆ, ಹೊಗೆಯೂ ಹೆಚ್ಚು. ಮೇಲ್ಮೈ ಹತ್ತು ನಿಮಿಷ ಒದ್ದೆಯಾಗಿಯೇ ಇರಬೇಕು, ಆಮೇಲೆ ತೊಳೆಯಬೇಕು. ತೊಳೆಯದೆ ಬಿಟ್ಟರೆ ಸ್ಟೀಲ್ ನಲ್ಲಿ, ತಿರುಪುಗಳಿಗೆ ಚುಕ್ಕಿ ಚುಕ್ಕಿಯಾಗಿ ತುಕ್ಕು ಹಿಡಿಯುತ್ತದೆ. ಬೆರೆಸಿದ್ದನ್ನು ಅಂದೇ ಬಳಸಿ, ಮಿಕ್ಕದ್ದನ್ನು ಚೆಲ್ಲಿ. ಬ್ಲೀಚ್‌ನ ಹಬೆ ಅಸ್ತಮಾವನ್ನು ನೇರವಾಗಿ ಕೆರಳಿಸುತ್ತದೆ. ನಿಮ್ಮ ಮನೆಯಲ್ಲಿ ಅದನ್ನು ಬಳಸದಿರುವುದೇ ಮೇಲು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಬ್ಲೀಚ್‌ಗೆ ನೀರು ಬಿಟ್ಟು ಬೇರೇನನ್ನೂ ಬೆರೆಸಬೇಡಿ. ಟಾಯ್ಲೆಟ್ ಕ್ಲೀನರ್‌ಗಳಲ್ಲಿರುವ ಆಮ್ಲವೋ ವಿನೆಗರೋ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಅಮೋನಿಯ ಇರುವ ಕ್ಲೀನರ್ ಸೇರಿದರೆ ಕ್ಲೋರಮೀನ್. ಎರಡೂ ಶ್ವಾಸಕೋಶವನ್ನು ಸುಡುತ್ತವೆ. ಬಾಗಿಲು ಮುಚ್ಚಿದ ಪುಟ್ಟ ಬಚ್ಚಲಿನಲ್ಲಿ ಇದು ಜೀವಕ್ಕೇ ಅಪಾಯ. ಬೇಕೆಂದು ಬೆರೆಸುವವರು ಕಡಿಮೆ, ಅಪಘಾತವಾಗುವುದು ಬೇರೆ ರೀತಿಯಲ್ಲಿ: ಬೆಳಗ್ಗೆ ಒಬ್ಬರು ಬ್ಲೀಚ್ ಹಾಕಿ ಬಿಟ್ಟಿರುತ್ತಾರೆ, ಮಧ್ಯಾಹ್ನ ಇನ್ನೊಬ್ಬರು ಅದೇ ನೆಲಕ್ಕೆ ಆಸಿಡ್ ಸುರಿಯುತ್ತಾರೆ. ಒಂದನ್ನು ಬಳಸಿದ ಮೇಲೆ ಧಾರಾಳ ನೀರಿನಲ್ಲಿ ತೊಳೆದು, ಬೇರೆಯದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಕಣ್ಣು ಉರಿದು ಕೆಮ್ಮು ಬಂದರೆ ಅಲ್ಲೇ ನಿಂತು ತೊಳೆಯಲು ಹೋಗದೆ ತಕ್ಷಣ ಹೊರಗೆ ಬನ್ನಿ.

ಬೇಸಿನ್, ಟಬ್ಬಿನ ಅಂಚಿನ ಸಿಲಿಕೋನ್ ಪಟ್ಟಿಯಲ್ಲಿ ಕಪ್ಪು ಚುಕ್ಕಿಗಳಿದ್ದರೆ ಉಗುರಿನಿಂದ ಕೆರೆದು ನೋಡಿ. ಉಗುರು ಚುಕ್ಕಿಯ ಮೇಲೆ ಜಾರಿಹೋಗಿ, ಗಾಜಿನೊಳಗಿನ ಚುಕ್ಕಿಯಂತೆ ಅದು ಅಲ್ಲೇ ಉಳಿದರೆ ಬೂಷ್ಟು ಪಟ್ಟಿಯ ಒಳಗೆ ಅಥವಾ ಹಿಂದೆ ಇದೆ. ಅದಕ್ಕೆ ಯಾವ ದ್ರಾವಣವೂ ತಲುಪದು, ಪಟ್ಟಿಯನ್ನೇ ಬದಲಿಸಬೇಕು. ಬ್ಲೇಡಿನಿಂದ ಎರಡೂ ಅಂಚು ಕೊಯ್ದು ಪಟ್ಟಿಯನ್ನು ಎಳೆಯಿರಿ, ಉಳಿದ ಚೂರನ್ನು ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ತೆಗೆಯಿರಿ. ಹಳೆ ಸಿಲಿಕೋನ್ ಮೇಲೆ ಹೊಸದು ಹಿಡಿಯುವುದಿಲ್ಲ, ಆದ್ದರಿಂದ ಒಂದು ಎಳೆಯೂ ಉಳಿಯಬಾರದು. ಸಂದನ್ನು ಸಾಬೂನಿನಲ್ಲಿ ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಪೂರ್ತಿ 24 ಗಂಟೆ ಒಣಗಲು ಬಿಡಿ. ಅವಸರಕ್ಕೆ ಅದೇ ಸಂಜೆ ಹೊಸ ಪಟ್ಟಿ ಎಳೆದರೆ ಒಳಗಿನ ತೇವ ಸಿಕ್ಕಿಕೊಂಡು, ಬೂಷ್ಟು ಈ ಸಲ ಹಿಂಬದಿಯಿಂದ ಶುರುವಾಗುತ್ತದೆ. ಬಚ್ಚಲಿಗೆಂದೇ ಬರುವ, ಬೂಷ್ಟುನಾಶಕ ಸೇರಿಸಿದ ಸಿಲಿಕೋನ್ ಕೇಳಿ; ಕಲ್ಲು ಅಥವಾ ಲೋಹ ಇದ್ದರೆ ಗಟ್ಟಿಯಾಗುವಾಗ ಆಮ್ಲ ಬಿಡದ ನ್ಯೂಟ್ರಲ್ ಕ್ಯೂರ್ ಬಗೆ ಇರಲಿ, ವಿನೆಗರ್ ವಾಸನೆಯ ಬಗೆ ಅವಕ್ಕೆ ಆಗಿಬರುವುದಿಲ್ಲ. ಹಾಕಿದ ಮೇಲೆ ಒಂದು ದಿನ ನೀರು ತಾಗಿಸಬೇಡಿ.

ಇನ್ನು ಮಲಗುವ ಕೋಣೆಯ ಗೋಡೆ. ಇಲ್ಲಿ ಎಲ್ಲವೂ ಪೇಂಟನ್ನು ಅವಲಂಬಿಸಿದೆ. ಒದ್ದೆ ಬೆರಳಿನಿಂದ ಗೋಡೆ ತಿಕ್ಕಿ. ಬೆರಳಿಗೆ ಬಣ್ಣ ಹತ್ತದಿದ್ದರೆ ಅದು ತೊಳೆಯಬಹುದಾದ ಪೇಂಟ್. ಟೈಲಿನಂತೆಯೇ ಸಿಂಪಡಿಸಿ, ಒರೆಸಿ, ಹಿಂಡಿದ ಬಟ್ಟೆಯಲ್ಲಿ ಉಜ್ಜಿ. ನೀರು ಕಡಿಮೆ ಇರಲಿ, ಗೋಡೆಯಿಂದ ಇಳಿಯುವಷ್ಟು ಬೇಡ. ಬೆರಳಿಗೆ ಬಿಳಿ ಪುಡಿ ಹತ್ತಿದರೆ ಅದು ಸುಣ್ಣ ಅಥವಾ ಡಿಸ್ಟೆಂಪರ್, ಉಜ್ಜಿದರೆ ಕೆಸರಾಗುತ್ತದೆ. ಅದನ್ನು ಒದ್ದೆ ಮಾಡಿ ಕೆರೆದು ತೆಗೆಯಬೇಕು. ಪೇಂಟ್ ಉಬ್ಬಿದ್ದರೆ, ಪುಟ್ಟಿ ಒತ್ತಿದಾಗ ಮೆತ್ತಗಿದ್ದರೆ ಗಟ್ಟಿ ಗಾರೆ ಸಿಗುವವರೆಗೂ ಕೆರೆಯಿರಿ. ಒದ್ದೆ ಮಾಡಿಯೇ ಕೆರೆಯಿರಿ, ಸ್ಯಾಂಡ್‌ಪೇಪರ್ ಹಚ್ಚಬೇಡಿ. ಕಟ್ಟಡ ಹಳೆಯದಾಗಿದ್ದರೆ ಪೇಂಟಿನಲ್ಲಿ ಸೀಸ ಇರಬಹುದು, ಆ ಧೂಳು ಮಕ್ಕಳಿಗೆ ಬೂಷ್ಟಿಗಿಂತ ಅಪಾಯ. ಜಿಪ್ಸಂ ಬೋರ್ಡ್ ಗೋಡೆಯಾಗಿದ್ದು ಕಾಗದದ ಪದರದೊಳಗೆ ಬೂಷ್ಟು ಇಳಿದಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಆ ಭಾಗವನ್ನು ಕತ್ತರಿಸಿ ಬದಲಿಸಬೇಕು.

ಬೀರುವಿನ ಹಿಂಬದಿಯನ್ನೂ ನೋಡಿ, ಅಲ್ಲೂ ಬೂಷ್ಟು ಇರುವ ಸಾಧ್ಯತೆ ಹೆಚ್ಚು. ಸ್ಟೀಲ್ ಆದರೆ ಸಾಬೂನು ನೀರಿನಲ್ಲಿ ಒರೆಸಿ ಒಣಗಿಸಿದರೆ ಸಾಕು. ಗಟ್ಟಿ ಮರವಾದರೆ ನಾರಿನ ಗುಂಟ ಉಜ್ಜಿ ಗಾಳಿಯಲ್ಲಿ ಒಣಗಿಸಿ. ಉಬ್ಬಿದ ಪ್ಲೈವುಡ್ ಅಥವಾ ಹೊಟ್ಟಿನ ಹಲಗೆಯನ್ನು ಉಳಿಸಿಕೊಳ್ಳಲು ಹೋಗಬೇಡಿ, ಹಿಂಬದಿಯ ಹಲಗೆಯನ್ನು ಕಿತ್ತು ಹೊಸದು ಹಾಕಿಸಿ.

ಉಜ್ಜಿದ್ದು ಮುಗಿದು, ಎದ್ದ ತುಂತುರು ನೆಲಕ್ಕೆ ಇಳಿಯಲು ಸ್ವಲ್ಪ ಹೊತ್ತು ಬಿಟ್ಟು, ನೆಲವನ್ನೂ ಸುತ್ತಲಿನ ಸಾಮಾನನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ. ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಇದ್ದರೆ ಬಳಸಿ. ಸಾಮಾನ್ಯ ವ್ಯಾಕ್ಯೂಮ್ ಎಳೆದುಕೊಂಡ ಬೀಜಕಣವನ್ನು ಹಿಂಬದಿಯಿಂದ ಕೋಣೆಗೇ ಊದುತ್ತದೆ. ಪ್ಲಾಸ್ಟಿಕ್ ಹೊದಿಕೆಯನ್ನು ಒಳಮುಖವಾಗಿ ಸುತ್ತಿ, ಬಟ್ಟೆಗಳ ಚೀಲದ ಬಾಯಿ ಕಟ್ಟಿ ಹೊರಗೆ ಹಾಕಿ. ಈಗ ಫ್ಯಾನ್ ಹಾಕಬಹುದು, ಹಾಕಲೇಬೇಕು. ಒದ್ದೆಯಾದದ್ದೆಲ್ಲ 24ರಿಂದ 48 ಗಂಟೆಯೊಳಗೆ ಒಣಗಬೇಕು.

ಪೇಂಟಿನ ವಿಷಯಕ್ಕೆ ಬಂದರೆ, ಬೂಷ್ಟು ನಿರೋಧಕ ಪೇಂಟ್ ತನ್ನ ಪದರದ ಮೇಲೆ ಹೊಸದಾಗಿ ಕೂರುವ ಬೂಷ್ಟನ್ನು ಕೆಲ ಕಾಲ ತಡೆಯುತ್ತದೆ. ಅಡಿಯಲ್ಲಿರುವುದನ್ನು ಅದು ಮುಚ್ಚುತ್ತದೆ ಅಷ್ಟೇ. ಬೂಷ್ಟಿನ ಮೇಲೇ ಹೊಡೆದರೆ, ಅಥವಾ ಗೋಡೆ ಒಳಗೆ ಒದ್ದೆ ಇರುವಾಗ ಹೊಡೆದರೆ ಪೇಂಟ್ ಸಿಪ್ಪೆಯಂತೆ ಏಳುತ್ತದೆ, ಖರ್ಚು ದಂಡ. ಸುಣ್ಣ ಬಳಿದ ಗೋಡೆಗೆ ಹೊಸದರಲ್ಲಿ ಬೂಷ್ಟು ಹಿಡಿಯದಿರುವುದು ಅದರ ತೀವ್ರ ಕ್ಷಾರ ಗುಣದಿಂದ. ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಸುಣ್ಣ ಕಾರ್ಬೊನೇಟ್ ಆಗುತ್ತ ಹೋದಂತೆ ಆ ರಕ್ಷಣೆಯೂ ಕಳೆಯುತ್ತದೆ. ಪೇಂಟ್ ಮಾಡುವ ಮುನ್ನ ಅರ್ಧ ಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಬಿಗಿಯಾಗಿ ಅಂಟಿಸಿ ಒಂದು ದಿನ ಬಿಡಿ. ಒಳಗೆ ಮಂಜು ಕಟ್ಟಿದರೆ, ಅಥವಾ ಆ ಭಾಗದ ಗಾರೆ ಸುತ್ತಲಿಗಿಂತ ಕಪ್ಪಾದರೆ ಇನ್ನೂ ಕಾಯಿರಿ.

ಬೀರುವನ್ನು ಮತ್ತೆ ಇಡುವಾಗ ಗೋಡೆಯಿಂದ 5ರಿಂದ 10 ಸೆಂಟಿಮೀಟರ್ ದೂರ ಇಡಿ, ಕೆಳಗೂ ಗಾಳಿ ನುಸುಳಲು ಜಾಗ ಇರಲಿ. ಸಾಧ್ಯವಾದರೆ ಹೊರಗೋಡೆ ಬಿಟ್ಟು ಒಳಗೋಡೆಗೆ ಸರಿಸಿ. ಆರ್ದ್ರತೆ ಅಳೆಯುವ ಹೈಗ್ರೊಮೀಟರ್ ಒಂದನ್ನು ಆ ಮೂಲೆಯಲ್ಲೇ ಇಟ್ಟು ಬೆಳಗ್ಗೆ, ರಾತ್ರಿ ನೋಡಿ. ಶೇ. 60ರ ಕೆಳಗೆ ಇರಬೇಕು, 30ರಿಂದ 50ರ ನಡುವೆ ಇದ್ದರೆ ಇನ್ನೂ ಒಳ್ಳೆಯದು. ಕೋಣೆಯೊಳಗೆ ಬಟ್ಟೆ ಒಣಹಾಕುವ ಅಭ್ಯಾಸವಿದ್ದರೆ ಮೊದಲು ಅದನ್ನು ನಿಲ್ಲಿಸಿ, ಒಂದು ಸಲದ ಬಟ್ಟೆಯಿಂದ ಲೀಟರುಗಟ್ಟಲೆ ನೀರು ಗಾಳಿಗೆ ಸೇರುತ್ತದೆ. ಸ್ನಾನದ ನಂತರ ಎಕ್ಸಾಸ್ಟ್ ಫ್ಯಾನ್ ಅರ್ಧ ಗಂಟೆ ಓಡಲಿ, ಗೋಡೆಯ ನೀರನ್ನು ವೈಪರ್‌ನಲ್ಲಿ ಎಳೆದುಬಿಡಿ. ಆ ಒಂದು ನಿಮಿಷದ ಕೆಲಸ ಗ್ರೌಟಿಗೆ ಮಾಡುವ ಉಪಕಾರ ಯಾವ ದ್ರಾವಣವೂ ಮಾಡದು. ಕಿಟಕಿ ತೆರೆದಿಟ್ಟರೆ ಯಾವಾಗಲೂ ಒಳ್ಳೆಯದು ಎಂಬುದು ಪೂರ್ತಿ ನಿಜವಲ್ಲ. ಹೊರಗೆ ಬೆಚ್ಚಗಿನ ತೇವದ ಗಾಳಿ, ಒಳಗೆ ತಂಪು ಗೋಡೆ ಇದ್ದಾಗ ತೆರೆದ ಕಿಟಕಿಯಿಂದ ತೇವವೇ ಒಳಗೆ ಬರುತ್ತದೆ. ಅಂಥ ದಿನಗಳಲ್ಲಿ ಕಿಟಕಿ ಮುಚ್ಚಿ, ಗಾಳಿಯ ತೇವ ತೆಗೆಯುವ ಡಿಹ್ಯೂಮಿಡಿಫೈಯರ್ ಬಳಸುವುದು ಸರಿ.

ಜಾತಿ ಪರೀಕ್ಷೆ ಬೇಕಿಲ್ಲ. ಕಪ್ಪಗಿದ್ದ ಮಾತ್ರಕ್ಕೆ ಅದು "ವಿಷಕಾರಿ ಕಪ್ಪು ಬೂಷ್ಟು" ಎಂದು ಜನ ಹೆದರುವ ಸ್ಟ್ಯಾಕಿಬೋಟ್ರಿಸ್ ಅಲ್ಲ. ಕ್ಲಾಡೋಸ್ಪೋರಿಯಂ, ಆಸ್ಪರ್ಜಿಲಸ್ ನೈಜರ್ ಕೂಡ ಕಪ್ಪಗೇ ಇರುತ್ತವೆ, ಬಣ್ಣ ನೋಡಿ ಹೇಳಲಾಗದು. ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ 1993ರಲ್ಲಿ ಮಾರ್ಗಸೂಚಿ ಬರೆದದ್ದು ಸ್ಟ್ಯಾಕಿಬೋಟ್ರಿಸ್ ಒಂದನ್ನೇ ಮನಸ್ಸಿನಲ್ಲಿಟ್ಟುಕೊಂಡು, 2000ದಲ್ಲಿ ಅದನ್ನು ತಿದ್ದಿ ಎಲ್ಲ ಬೂಷ್ಟುಗಳಿಗೂ ಅನ್ವಯಿಸಿತು. ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯೂ ಇಂತಿಷ್ಟು ಬೀಜಕಣ ಸುರಕ್ಷಿತ ಎಂಬ ಅಂಕಿ ಕೊಡುವುದಿಲ್ಲ, ತೇವವನ್ನೇ ತಡೆಯಿರಿ ಎನ್ನುತ್ತದೆ. ಯಾವ ಜಾತಿಯಾದರೂ ತೆಗೆಯುವ ಕ್ರಮ ಒಂದೇ. ಪರೀಕ್ಷೆಗೆ ಕೊಡುವ ಹಣದಲ್ಲಿ ಹೈಗ್ರೊಮೀಟರ್ ಕೊಂಡು, ಸೋರಿಕೆ ಹುಡುಕಿಸಿ. ಕೋಣೆಗೆ ಔಷಧಿ ಹೊಗೆ ಹಾಕುವುದು, ಓಝೋನ್ ಯಂತ್ರ ಇಡುವುದು ಇವೂ ಬೇಡ. ಬೂಷ್ಟು ಅಲ್ಲೇ ಉಳಿಯುತ್ತದೆ, ಓಝೋನ್ ಅಂತೂ ಅಸ್ತಮಾ ಇರುವವರಿಗೆ ನೇರ ತೊಂದರೆ.

ಕೆಲಸ ಮುಗಿದು ಎರಡು ವಾರವಾದಾಗ ಒಮ್ಮೆ, ಆರು ವಾರವಾದಾಗ ಇನ್ನೊಮ್ಮೆ ಬೀರುವಿನ ಹಿಂದೆ ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿದು ನೋಡಿ. ನೇರ ಬೆಳಕಿನಲ್ಲಿ ಕಾಣದ ತೆಳು ಬೂದು ಪದರ ಓರೆ ಬೆಳಕಿನಲ್ಲಿ ಕಾಣುತ್ತದೆ. ಬರೀ ಕಲೆಯ ನೆರಳು ಉಳಿದು, ಬಿಳಿ ಬಟ್ಟೆಗೆ ಏನೂ ಹತ್ತದಿದ್ದರೆ ಚಿಂತೆ ಬೇಡ, ಗೋಡೆ ಒಣಗಿದೆಯೆಂದು ಖಚಿತಪಡಿಸಿಕೊಂಡು ಪೇಂಟ್ ಮಾಡಿಸಬಹುದು. ಬಟ್ಟೆಗೆ ಮಸಿ ಹತ್ತಿದರೆ ಮತ್ತೆ ಬ್ರಷ್ ಹಿಡಿಯುವ ಮೊದಲು ಅಲ್ಯೂಮಿನಿಯಂ ಹಾಳೆಯ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.